ಎಷ್ಟು ಕೋಲಿಗೆ ನೀರು?

ಪುತ್ತೂರು ಕಡೆಯ ಹಳ್ಳಿಮನೆಯಲ್ಲಿ ಹೊಸ ಕಕ್ಕಸು ಕಟ್ಟಿಸುತ್ತೇನೆಂದು ಒಮ್ಮೆ ಬಾಯಿಬಿಟ್ಟು ನೋಡಿ. ಮಗಳಿಗೆ ಗಂಡು ನೋಡುವಾಗಲೂ ಅಷ್ಟು ಚರ್ಚೆ ಆಗಲಿಕ್ಕಿಲ್ಲ. ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಂತವರೆಲ್ಲ ಎಂಜಿನಿಯರುಗಳಾಗಿಬಿಡುತ್ತಾರೆ. ನಿಮ್ಮಲ್ಲೂ ಹಾಗೇ ಅಲ್ಲವೇ?

ನಾನಾದರೋ ಓದಿಕೊಂಡವ. ಹಳೇ ಗುಂಡಿ ಮಳೆಗಾಲದಲ್ಲಿ ಉಕ್ಕಿ ತನ್ನ ಇರವನ್ನು ಸಾರತೊಡಗಿದ ಮೇಲೆ, 'ಈ ಸಲ ವೈಜ್ಞಾನಿಕವಾಗಿ ಮಾಡುವ' ಎಂದು ಊಟದ ಹೊತ್ತಿಗೆ ಘೋಷಿಸಿದೆ. ಸಾರು ಬಡಿಸುತ್ತಿದ್ದ ಹೆಂಡತಿ, 'ಕೈ ತೊಳೆದ ಮೇಲೆ ಹೇಳಿ' ಅಂದಳು.

ಮೊದಲ ಯೋಜನೆ ಗೋಬರ್ ಗ್ಯಾಸ್. ಹಟ್ಟಿಯ ಪಕ್ಕ ದೀನಬಂಧು ಡೋಮು ಹೇಗೂ ಉಂಟು. ಕಕ್ಕಸಿನ ಪೈಪನ್ನೂ ಅದಕ್ಕೇ ಕೊಟ್ಟರೆ ಗ್ಯಾಸು ಜಾಸ್ತಿ, ಸ್ಲರಿ ತೋಟಕ್ಕೆ. ಸೋಪಿನ ನೀರು ಮಾತ್ರ ಬಿಡಬಾರದು, ಗ್ಯಾಸು ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ ಅದು ಆಗಿಬರುವುದಿಲ್ಲ. ಬಚ್ಚಲಿನ ನೀರಿಗೆ ಬಾಳೆಬುಡವೂ ಅಮ್ಮನ ಕೆಸುವಿನ ಸಾಲೂ ಮೊದಲಿನಿಂದಲೇ ಇವೆ. (ಆಟಿಯಲ್ಲಿ ನೆಂಟರು ಹೊಗಳುವ ನಮ್ಮನೆ ಪತ್ರೊಡೆಯ ಗುಟ್ಟು ಅದೇ. ಹೊರಗೆ ಹೇಳಬೇಡಿ.) ಅಮ್ಮ ಎಲ್ಲ ಕೇಳಿಸಿಕೊಂಡು, 'ಆ ಗ್ಯಾಸಿನಲ್ಲಿ ದೇವರ ನೈವೇದ್ಯ ಬೇಯಿಸುವುದು ನೀನೋ?' ಎಂದರು. ಯೋಜನೆ ಅಲ್ಲಿಗೆ ಬರ್ಖಾಸ್ತು.

ಎರಡನೆಯದು ಅವಳಿ ಗುಂಡಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು, ಮುಚ್ಚಿಟ್ಟದ್ದು ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರ. 2017ರಲ್ಲಿ ಕೇಂದ್ರ ಸರಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರೇ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಗುಂಡಿಗಿಳಿದು ಅಂಥ ಗೊಬ್ಬರ ತೆಗೆದಿದ್ದಾರೆ ಎಂದು ಎದೆಯುಬ್ಬಿಸಿ ಹೇಳಿದೆ. 'ಅಲ್ಲಿ ಅವರು ಇಳಿದರು, ಇಲ್ಲಿ ಯಾರು?' ಎಂದಳು ಹೆಂಡತಿ. ಹಟ್ಟಿಗೊಬ್ಬರ ಹೊರುವ ದಿನವೇ ನನಗೆ ಸೊಂಟ ಹಿಡಿಯುವುದು ಮನೆಮಂದಿಗೆಲ್ಲ ಗೊತ್ತಿರುವ ವಿಚಾರ.

ಉಳಿದದ್ದು ಸೆಪ್ಟಿಕ್ ಟ್ಯಾಂಕ್, ಅದರಾಚೆ ಇಂಗುಗುಂಡಿ. ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಎಂದು ಓದಿದ್ದೆ. ನಮ್ಮ ಮುರಕಲ್ಲಿನ ಮೈತುಂಬ ತೂತು, ನೀರನ್ನು ನಿಧಾನಕ್ಕೆ ಸೋಸುವ ವ್ಯವಧಾನ ಅದಕ್ಕಿಲ್ಲ. ಟೇಪು ಹಿಡಿದು ಹೊರಟೆ. ಮೇಲೆ ನೀರಿನ ಸುರಂಗ, ಕೆಳಗೆ ನೆರೆಮನೆಯ ಬಾವಿ, ಬಲಕ್ಕೆ ನಾಗಬನ, ಎಡಕ್ಕೆ ಗುಳಿಗನ ಕಟ್ಟೆ. ಗುಳಿಗನಿಂದ ಎಷ್ಟು ಮೀಟರ್ ಬಿಡಬೇಕೆಂದು ನಾನು ಓದಿದ ಯಾವ ಕೈಪಿಡಿಯಲ್ಲೂ ಇರಲಿಲ್ಲ. ವಾಸ್ತುವಿನವರು ವಾಯುವ್ಯ ಎಂದರು. ವಾಯುವ್ಯದಲ್ಲಿ ನನ್ನ ಓದುವ ಕೋಣೆಯ ಕಿಟಕಿ. ಮನೆಯವರಿಗೆಲ್ಲ ಆ ಜಾಗ ಭಾರೀ ಹಿಡಿಸಿತು.

ಹಿಟಾಚಿ ಬಂತು. ಸೆಪ್ಟಿಕ್ ಟ್ಯಾಂಕಿಗೆ ಫ್ರಾನ್ಸಿನ ಮುರಾಸ್ ಎಂಬವ 1881ರಲ್ಲೇ ಪೇಟೆಂಟ್ ಪಡೆದಿದ್ದಾನೆಂದು ಮೇಸ್ತ್ರಿಗೆ ತಿಳಿಸಿದೆ. ಎಲೆಗೆ ಸುಣ್ಣ ಸವರುತ್ತಾ ಅವರು, 'ಅವರ ಊರಲ್ಲಿ ಆಟಿ ಉಂಟಾ?' ಎಂದರು. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಊರಿನವ ನಾನು, ಏನು ಹೇಳಲಿ? ಮುರಕಲ್ಲು ಮುಗಿದು ಬಿಳಿ ಶೇಡಿಮಣ್ಣು ಕಂಡದ್ದೇ, 'ಇನ್ನು ಬೇಡ ಅಣ್ಣೆರೇ' ಎಂದರು. ಶೇಡಿ ಒಣಗಿದ್ದಷ್ಟು ಹೊತ್ತು ಗಟ್ಟಿ, ನೀರು ಕುಡಿದರೆ ಜರಿದು ಬೀಳುತ್ತದೆ. ನಾನು ಸೊಂಟಕ್ಕೆ ಕೈಕೊಟ್ಟು ನಿಂತು, 'ದೂರದೃಷ್ಟಿ ಬೇಕು ಮಾರಾಯ್ರೆ, ಆಳಕ್ಕೆ ಹೋಗಲಿ' ಎಂದೆ.

ಮರುದಿನ ಬೆಳಿಗ್ಗೆ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಮಳೆ ಬಂದಿರಲಿಲ್ಲ, ಒಸರು! ಮುರಕಲ್ಲಿನಲ್ಲಿ ಇಳಿದುಬಂದ ನೀರು ಶೇಡಿಯ ಮೇಲೆ ದಾರಿ ಮಾಡಿಕೊಂಡು ಮೂಲೆಯಿಂದ ಬುಳುಬುಳು ಬರುತ್ತಿತ್ತು. ಬಗ್ಗಿ ನೋಡುವಾಗ ಒಂದು ಮಗ್ಗುಲು ಜರಿದು ನನ್ನ ಎಡಗಾಲಿನ ಚಪ್ಪಲಿಯನ್ನೂ ಒಯ್ದಿತು.

ನನಗೆ ಉರಿದದ್ದು ಚಪ್ಪಲಿಗಲ್ಲ. ಹಿಂದೊಮ್ಮೆ ನೀರು ನೋಡುವವರನ್ನು ಕರೆಸಿ, ಅವರ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಲ್ಲೇ ಬಾವಿ ತೋಡಿಸಿದ್ದೆ. ಬೇಸಗೆಯಲ್ಲಿ ಆ ಬಾವಿಗಿಳಿದರೆ ಬಟ್ಟೆ ಒದ್ದೆಯಾಗುವುದು ಬೆವರಿನಿಂದ ಮಾತ್ರ.

ಸುದ್ದಿ ಹಬ್ಬಿತು. ಬಂದವರೆಲ್ಲ, 'ಎಷ್ಟು ಕೋಲಿಗೆ ನೀರು?' ಎಂದು ಕೇಳುವವರೇ. ಇದು ಕಕ್ಕಸಿನ ಗುಂಡಿ ಎನ್ನಲು ನಾಲಿಗೆ ಏಳಲಿಲ್ಲ. 'ನೆಲದ ನಾಡಿ ತಿಳಿದಿರಬೇಕು' ಎಂದು ಗಂಭೀರವಾಗಿ ತಲೆಯಾಡಿಸಿದೆ. ಅಷ್ಟರಲ್ಲಿ ಹೆಂಡತಿ ಪಂಪು ಇಳಿಸಿ ಅಡಕೆ ಗಿಡಗಳಿಗೆ ನೀರು ಬಿಟ್ಟಾಗಿತ್ತು. ಈಗ ಒಸರಿನಿಂದಲೂ 15 ಮೀಟರ್ ಬಿಡಬೇಕು, ಟೇಪು ಬಿಡಿಸಲಿಕ್ಕೇ ಜಾಗವಿಲ್ಲ. 'ಹಾಗಾದರೆ ಒಣ ಬಾವಿಗೇ ಪೈಪು ಕೊಡುವ' ಎಂದ ಮಗ. ಅದು ನೆಟ್ಟಗೆ ಅಂತರ್ಜಲಕ್ಕಿಳಿದು ಊರಿಡೀ ಕುಡಿಯಬೇಕಾದೀತು ಎಂದು ಗದರಿದೆ. ಇಡೀ ಪ್ರಕರಣದಲ್ಲಿ ನನ್ನ ಮಾತು ನಡೆದದ್ದು ಅದೊಂದೇ. ಸದ್ಯ ಹಳೇ ಗುಂಡಿಯ ದಯೆಯಲ್ಲೇ ಇದ್ದೇವೆ.

ನೀರು ನೋಡುವವರೂ ಬಂದರು. ಗುಂಡಿಗೊಂದು ಸುತ್ತು ಹಾಕಿ, 'ಅಂದು ನಾನು ಹೇಳಿದ್ದು ಇದೇ ಜಾಗ. ನೀವು ಸ್ವಲ್ಪ ಆಚೆ ತೋಡಿದ್ದು' ಎಂದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ವೀಳ್ಯದೆಲೆಯ ಮೇಲೆ ದಕ್ಷಿಣೆ ಇಟ್ಟು ತಂದಳು. ನನ್ನ ಪರ್ಸಿನಿಂದ.