ಹಾರ್ಡಿಯವರ ಕಡೆಯ ಸೂತಕ

ಮೆಚ್ಚಿನ ಸಾಹಿತಿಗಳ ಸಮಾಧಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ನನ್ನ ಚಟ. ಅವರ ಪುಸ್ತಕ ಓದುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ನಮ್ಮ ಕಡೆ ಈ ಚಟಕ್ಕೆ ಆಸ್ಪದ ಕಡಿಮೆ; ನಮ್ಮ ಸಾಹಿತಿಗಳಲ್ಲಿ ಬಹುಪಾಲು ಜನ ಬೂದಿಯಾಗಿ ನೀರು ಸೇರಿಬಿಡುತ್ತಾರೆ. ಕುಪ್ಪಳಿಯ ಕವಿಶೈಲದಲ್ಲಿ ಕುವೆಂಪು ಸಮಾಧಿಯೇನೋ ಇದೆ, ಅಲ್ಲಿ ನನ್ನದು ಆಗಿಹೋಗಿದೆ. ಹೀಗಾಗಿ ಮಗಳು ಲಂಡನ್ನಿಗೆ ಕರೆಸಿಕೊಂಡಾಗ ಸೂಟ್‌ಕೇಸಿಗಿಂತ ಮೊದಲು ನಾನು ಸ್ಮಶಾನಗಳ ಪಟ್ಟಿ ಸಿದ್ಧಮಾಡಿದೆ.

“ಬಾಣಂತನಕ್ಕೆ ಬಂದೋರು ಸ್ಮಶಾನ ಸುತ್ತೋದೇನ್ರೀ?” ಎಂದಳು ಹೆಂಡತಿ. ಆದರೂ ಜೊತೆಗೆ ಬಂದಳು, ಕಾವಲಿಗೆ.

ಮೊದಲು ಹೈಗೇಟ್. ಒಳಗೆ ಹೋಗಲು ಟಿಕೆಟ್. “ನಮ್ಮೂರಲ್ಲಿ ನಾಲ್ಕು ಜನ ಹೊತ್ಕೊಂಡು ಹೋಗಿ ಬಿಟ್ಟು ಬರ್ತಾರೆ. ಇಲ್ಲಿ ದುಡ್ಡು ಕೊಟ್ಟು ನಡ್ಕೊಂಡು ಹೋಗ್ಬೇಕಾ?” ಅದೂ ಕಾರ್ಲ್ ಮಾರ್ಕ್ಸ್ ದರ್ಶನಕ್ಕೆ! ಅಲ್ಲಿನ ನಿಯಮಗಳು ಸರಳ. ಸ್ವಂತಕ್ಕೆ ಫೋಟೊ ತೆಗೆಯಬಹುದು, ವ್ಯಾಪಾರಕ್ಕಾದರೆ ಅನುಮತಿ ಬೇಕು. ಈಗಲೂ ಮಣ್ಣು ಮಾಡುವ ಜಾಗವಾದ್ದರಿಂದ ದುಃಖದಲ್ಲಿರುವವರ ಕಡೆ ಕ್ಯಾಮೆರಾ ತಿರುಗಿಸಬಾರದು. ನನ್ನ ಹೆಂಡತಿಯ ಕಾನೂನು ಇದಕ್ಕಿಂತ ಬಿಗಿ. ಕಲ್ಲು ತುಳಿಯಬಾರದು, ಹಲ್ಲು ಕಿರಿಯಬಾರದು, ಹೊರಟ ಮೇಲೆ ಹಿಂತಿರುಗಿ ನೋಡಬಾರದು, ಮನೆಗೆ ಬಂದು ತಲೆಗೆ ಸ್ನಾನ ಆಗುವ ತನಕ ಮಗು ಮುಟ್ಟಬಾರದು. ಮಾರ್ಕ್ಸ್ ಮುಗಿಸಿ ಹೊರಟ ಮೇಲೆ ಜಾರ್ಜ್ ಎಲಿಯಟ್ ನೆನಪಾದಳು, ಆದರೆ ತಿರುಗುವ ಹಾಗಿರಲಿಲ್ಲ. ಡಗ್ಲಸ್ ಆಡಮ್ಸ್ ಮಾತ್ರ ದಾರಿಯಲ್ಲೇ ಸಿಕ್ಕ. ಅವನ ಕಲ್ಲಿನ ಮುಂದೆ ಅಭಿಮಾನಿಗಳು ಪೆನ್ನು ಸಿಕ್ಕಿಸಿ ಹೋಗುತ್ತಾರೆ. ನಾನೂ ಒಂದು ಸಿಕ್ಕಿಸಿದೆ. ಅದು ಅಳಿಯನ ಪೆನ್ನು. ಬೆಲೆ ಆಮೇಲೆ ತಿಳಿಯಿತು.

ಥಾಮಸ್ ಹಾರ್ಡಿಯದು ಇನ್ನೂ ದುಬಾರಿ ಬಾಬತ್ತು. ಡಾರ್ಸೆಟ್‌ನ ಸ್ಟಿನ್ಸ್‌ಫರ್ಡ್ ಹಳ್ಳಿಯ ಚರ್ಚ್ ಅಂಗಳದಲ್ಲಿ, ಮೊದಲ ಹೆಂಡತಿ ಎಮ್ಮಾಳ ಬಳಿ ಮಲಗಬೇಕೆಂದು ಅವನ ಆಸೆ. 1928ರಲ್ಲಿ ಅವನು ತೀರಿಕೊಂಡಾಗ, ಇಷ್ಟು ದೊಡ್ಡ ಮನುಷ್ಯನಿಗೆ ವೆಸ್ಟ್‌ಮಿನ್‌ಸ್ಟರ್ ಅಬಿಯೇ ಆಗಬೇಕೆಂದು ಕೆಲವರು ಹಟ ಹಿಡಿದರು. ಕೊನೆಗೆ ರಾಜಿ: ಬೂದಿ ಅಬಿಗೆ, ಹೃದಯ ಹಳ್ಳಿಗೆ. ಒಬ್ಬನೇ ಸಾಹಿತಿ, ನನಗೆ ಎರಡು ಕಡೆ ಖರ್ಚು. ಅಬಿಯಲ್ಲಿ ಬಹಳ ಕಾಲ ಪ್ರವಾಸಿಗರು ಕ್ಯಾಮೆರಾ ಹೊರತೆಗೆಯುವಂತೆಯೇ ಇರಲಿಲ್ಲ. ಈಗ ಸಡಿಲಿಸಿದ್ದಾರೆ, ಪ್ರಾರ್ಥನೆಯ ಹೊತ್ತು ಬಿಟ್ಟು.

ಅಳಿಯ ರಜೆ ಹಾಕಿದ ದಿನ ಸ್ಟಿನ್ಸ್‌ಫರ್ಡ್‌ಗೆ ಹೊರಟೆವು. ರೈಲಿನಲ್ಲಿ ಸುಮ್ಮನಿರಲಾರದೆ ಕಥೆ ಹೇಳಿದೆ. ಕೊನೆಕೊನೆಗೆ ಗಂಡಹೆಂಡಿರಿಗೆ ಅಷ್ಟಕ್ಕಷ್ಟೆ, ಎಮ್ಮಾ ಅಟ್ಟದ ಕೋಣೆ ಸೇರಿದ್ದಳು. 1912ರಲ್ಲಿ ಅವಳು ಹೋದ ಮೇಲೆ ಹಾರ್ಡಿ ಅವಳನ್ನೇ ನೆನೆದು ಕವಿತೆಯ ಮೇಲೆ ಕವಿತೆ ಬರೆದ. 1914ರಲ್ಲಿ ಫ್ಲಾರೆನ್ಸಳನ್ನು ಮದುವೆಯಾದ.

“ಬದುಕಿದ್ದಾಗ ಅಟ್ಟ, ಸತ್ತ ಮೇಲೆ ಪದ್ಯ. ಇದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ಆ ಎರಡನೆಯವಳು ಎಲ್ಲಿ?”

“ಅವಳೂ ಅದೇ ಗುಂಡಿಯಲ್ಲಿ.”

ಆಮೇಲೆ ಡಾರ್ಚೆಸ್ಟರ್ ಬರುವವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ, ಹಾರ್ಡಿಯ ಪರವಾಗಿ ನಾನೇ ಅನುಭವಿಸಿದೆ. ಸಮಾಧಿಯ ಹತ್ತಿರ ಮಾತ್ರ ಫೋನು ಕಿತ್ತುಕೊಂಡು, “ನಿಂತ್ಕೊಳ್ಳಿ, ನಾನೇ ತೆಗೀತೀನಿ” ಎಂದಳು. ಫೋಟೊದಲ್ಲಿ ಎಮ್ಮಾಳ ಹೆಸರು ಅಚ್ಚುಕಟ್ಟಾಗಿ ಬಂದಿದೆ. ನಾನು ಮೊಣಕಾಲಿನವರೆಗೆ ಬಂದಿದ್ದೇನೆ.

ಅದನ್ನೇ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ‘ಹಾರ್ಡಿಯವರ ಸಮಾಧಿಯ ಬಳಿ’ ಎಂದು ಬರೆದೆ. ವಾಪಸಾಗುವ ರೈಲು ಹತ್ತುವಷ್ಟರಲ್ಲಿ ಮುಗಿದ ಕೈಗಳ ಸಾಲು. ‘ಓಂ ಶಾಂತಿ’. ‘ದೇವರು ದುಃಖ ತಡೆಯುವ ಶಕ್ತಿ ಕೊಡಲಿ’. ಬೀಗರೂ ಆ ಗುಂಪಿನಲ್ಲಿದ್ದಾರೆ, ಅವರು ‘ಹೇಗಾಯಿತು?’ ಎಂದಷ್ಟೇ ಕೇಳಿದ್ದರು. ಮನೆ ತಲುಪಿ ನಾನು ಬಾಗಿಲಲ್ಲೇ ಮೈಲಿಗೆಯಲ್ಲಿ ನಿಂತಿರುವಾಗ ಶಿವಮೊಗ್ಗದಿಂದ ಅತ್ತಿಗೆಯ ಫೋನು.

“ಏನೇ ಇದು, ಪುರುಡು ಕಳೀತು ಅನ್ನೋಷ್ಟರಲ್ಲಿ ಸೂತಕ ಬಂತಾ? ಹಾರ್ಡಿ ಅಂದ್ರೆ ಅಳಿಯನ ಕಡೆಯವರಾ? ನಾಮಕರಣ ಮುಂದಕ್ಕೆ ಹೋಯ್ತಾ?”

“ಇಲ್ಲಕ್ಕಾ, ಇವರಿಗೇ ಏನೋ ಬೇಕಾದೋರು” ಎಂದಳು ಹೆಂಡತಿ, ನನ್ನ ಕಡೆ ಟವೆಲ್ ಎಸೆಯುತ್ತ. “ಇವರೊಬ್ಬರು ಸ್ನಾನ ಮಾಡಿದ್ರೆ ಸಾಕು.”