ಫಿಲ್ಟರ್ ಪಂಡಿತರು

ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಇಳಿದು ದೇವನಹಳ್ಳಿ ಕಡೆಯ ಹೋಟೆಲುಗಳಲ್ಲಿ ಇಡ್ಲಿ-ವಡೆಗೆ ಕೂರುವ ಬೈಕ್ ಸವಾರರ ಯಾವ ಗುಂಪನ್ನಾದರೂ ನೋಡಿ, ಅದರಲ್ಲೊಬ್ಬರು ಫಿಲ್ಟರ್ ಪಂಡಿತರು ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ಮಿಕ್ಕವರು ಮೊಬೈಲಿನಲ್ಲಿ ಸೂರ್ಯೋದಯ ತೋರಿಸಿದರೆ, ಇವರು ತಮ್ಮ ಏರ್ ಫಿಲ್ಟರ್ ತೋರಿಸುತ್ತಾರೆ. ಎದುರಿನಿಂದ ಒಂದು, ಹಿಂದಿನಿಂದ ಒಂದು, ಬಿಸಿಲಿಗೆ ಹಿಡಿದು ಮತ್ತೊಂದು.

‘ಜುಲೈನಲ್ಲಿ ಲಡಾಖ್‌ಗೆ ಹೊರಟಿದೀನಿ’ ಎಂದು ಯಾರಾದರೂ ಬಾಯಿ ಬಿಟ್ಟರೋ, ಕೆಟ್ಟರು. ಪಂಡಿತರು ಕಾಫಿ ಲೋಟ ಪಕ್ಕಕ್ಕೆ ಸರಿಸುತ್ತಾರೆ.

‘ಯಾವ ಫಿಲ್ಟರು?’

‘ಕಂಪನಿಯದ್ದೇ ಸಾರ್, ಪೇಪರ್‌ದು.’

ಸಾವಿನ ಮನೆಗೆ ಬಂದವರಂತೆ ತಲೆಯಾಡಿಸುತ್ತಾರೆ. ‘ನಮ್ಮ ಮೆಟ್ರೋ ಕಾಮಗಾರಿ ಧೂಳಿಗೆ ಅದು ಸಾಕು. ಅಲ್ಲಿನ ಮಣ್ಣುದಾರಿಯಲ್ಲಿ ಮುಂದೊಂದು ಲಾರಿ ಸಿಗಲಿ, ಆಗ ಗೊತ್ತಾಗುತ್ತೆ! ಪೇಪರ್ ಒದ್ದೆಯಾದರೆ ಮುಗೀತು, ತೊಳೆಯೋ ಹಾಗೂ ಇಲ್ಲ.’

ಹಾಗಾಗಿ ಪಂಡಿತರದು ಫೋಮ್ ಪಕ್ಷ. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಬೇಕು, ಸೋಪುನೀರಿನಲ್ಲಿ ತಿರುಚದೆ ಅದುಮಬೇಕು, ಪೂರ್ತಿ ಒಣಗಿದ ಮೇಲೆ ಎಣ್ಣೆ ಹಿಡಿಸಿ, ಹೆಚ್ಚಾದದ್ದನ್ನು ಒತ್ತಿ ತೆಗೆಯಬೇಕು. ಈ ಮಡಿಯೆಲ್ಲ ನಡೆಯುವುದು ಮಹಡಿಯ ಮೇಲೆ, ಅಮ್ಮ ಸಂಡಿಗೆ ಇಟ್ಟ ಚಾಪೆಯ ಪಕ್ಕದಲ್ಲೇ. ‘ಇದನ್ನೂ ಕರೀಬೇಕೇನೋ?’ ಎಂದು ಅಮ್ಮ ಕೇಳಿದ್ದುಂಟು.

ಮುಂದಿನ ತಿಂಗಳಿಗೆ ಪಂಡಿತರು ಪಕ್ಷಾಂತರ ಮಾಡಿರುತ್ತಾರೆ. ಈಗ ತಂತಿಜಾಲರಿಯ ನಡುವೆ ಎಣ್ಣೆ ಕುಡಿದ ಹತ್ತಿಯ ಫಿಲ್ಟರ್. ‘ಗಾಳಿ ಎಷ್ಟು ಎಳೆಯುತ್ತೆ ಗೊತ್ತಾ? ಖರ್ದುಂಗ್ಲಾದಲ್ಲಿ ಬೇಕಾಗಿರೋದೇ ಅದು. 18,380 ಅಡಿ!’

‘ಅದು ಹಳೇ ಬೋರ್ಡಿನ ಲೆಕ್ಕ ಸಾರ್. ಸರಿಯಾಗಿ ಅಳೆದರೆ 17,582.’

‘ಎಷ್ಟಾದರೇನು, ಉಸಿರು ಕಟ್ಟುತ್ತೋ ಇಲ್ವೋ?’

ಕಟ್ಟುತ್ತದೆ, ನಿಜ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿಲ್ಲದ ಗಾಳಿಯನ್ನು ಯಾವ ಫಿಲ್ಟರೂ ಸೃಷ್ಟಿಸಿ ಕೊಡಲಾರದು. ಮೇಲಾಗಿ ಗಾಳಿಯನ್ನು ಧಾರಾಳವಾಗಿ ಬಿಡುವ ಫಿಲ್ಟರ್ ನಯವಾದ ಧೂಳಿಗೂ ಧಾರಾಳಿಯಾಗುವುದುಂಟು. ಆ ಧೂಳು ಎಣ್ಣೆಯೊಂದಿಗೆ ಬೆರೆತು ಪಿಸ್ಟನ್ ರಿಂಗು, ಸಿಲಿಂಡರು ಎರಡನ್ನೂ ಉಜ್ಜಿ ಸವೆಸುತ್ತದೆ. ಇದನ್ನು ಹೇಳಿದರೆ ಪಂಡಿತರು ‘ನೋಡೋಣ’ ಎಂದು ಬಿಲ್ಲಿನ ಕಡೆ ನೋಡುತ್ತಾರೆ.

‘ಹೌದೂ, ನೀವು ಲಡಾಖ್‌ಗೆ ಹೋಗಿದ್ದು ಯಾವಾಗ ಸಾರ್?’

‘ಎಲ್ಲಿ ಹೋಗ್ಲಿ? ಫಿಲ್ಟರ್ ಇನ್ನೂ ಫೈನಲ್ ಆಗಿಲ್ವಲ್ಲ!’

ಹೀಗಿರುವಾಗ ಪಂಡಿತರ ಬೈಕೇ ಒಂದು ದಿನ ಪಿಕಪ್ ಕಳೆದುಕೊಂಡು ಹೊಗೆ ಉಗುಳತೊಡಗಿತು. ಓಡಿಸಿದ್ದು ಚಿಕ್ಕಬಳ್ಳಾಪುರದ ಕ್ವಾರಿ ರಸ್ತೆಗಳಲ್ಲಷ್ಟೆ. ಬೀದಿಕೊನೆಯ ಮೆಕ್ಯಾನಿಕ್ ಸೈಡ್ ಪ್ಯಾನೆಲ್ ಬಿಚ್ಚಿದ, ಫಿಲ್ಟರ್ ಹೊರಗೆ ತೆಗೆದು ತಿರುಗಿಸಿ ನೋಡಿದ. ಆಮೇಲೆ ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ ತೋರುಬೆರಳು ಆಡಿಸಿದ. ಬೆರಳು ಹೊರಬಂದಾಗ ಉಗುರಿನ ಸಂದಿಯವರೆಗೆ ಕೆಮ್ಮಣ್ಣು.

‘ಫಿಲ್ಟರ್ ಕ್ಲೀನಾಗಿದೆ ಸಾರ್’ ಎಂದ.

‘ಆಗಿರಲೇಬೇಕು! ವಾರವಾರ ಬಿಚ್ಚಿ ತೊಳೀತೀನಿ.’

‘ಅದಕ್ಕೇ ಹೇಳಿದ್ದು. ಬಿಚ್ಚಿ ಬಿಚ್ಚಿ ಅಂಚಿನ ರಬ್ಬರ್ ಮಡಚಿಕೊಂಡಿದೆ. ಧೂಳು ಫಿಲ್ಟರ್ ಕಡೆಗೇ ಬಂದಿಲ್ಲ, ಪಕ್ಕದಿಂದ ನೇರ ಒಳಗೆ ಹೋಗಿದೆ.’

ಪಂಡಿತರು ಆ ಭಾನುವಾರ ಇಡ್ಲಿಗೆ ಬರಲಿಲ್ಲ. ಮರುವಾರ ಬಂದರು, ಈಗ ಚೈನ್ ಲ್ಯೂಬ್ ಬಗ್ಗೆ ಮಾತಾಡುತ್ತಿದ್ದಾರೆ.

ಧೂಳಿನ ದಾರಿಗೆ ನಿಜವಾಗಿಯೂ ಹೊರಟವರು ಇವರನ್ನು ಕಾಯಬೇಕಿಲ್ಲ. ನಿಮ್ಮ ಗಾಡಿಗೆ ಕಂಪನಿ ಗೊತ್ತು ಮಾಡಿದ ಫಿಲ್ಟರನ್ನೇ ಹೊಸದಾಗಿ ಹಾಕಿಸಿ, ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಳ್ಳಿ. ಕೂರಿಸಿದ ಮೇಲೆ ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿ ನೋಡಿ. ಮುಂದೆ ಲಾರಿ ಸಿಕ್ಕರೆ ಅದರ ಹಿಂದೆಯೇ ಅಂಟಿಕೊಂಡು ಹೋಗಬೇಡಿ. ಇಷ್ಟು ಸಾಕು, ಹೊರಡಿ.