ವ್ಯಾಘ್ರದರ್ಶನದ ಸಂಕಲ್ಪ

ದಾಂಡೇಲಿಯ ಕಾಡಿಗೆ ಹೊರಟ ಹಳಿಯಾಳದ ವಿದ್ಯಾರ್ಥಿಗಳು, ಪ್ರವಾಸದ ಉದ್ದೇಶವೇನೆಂದು ಅಧ್ಯಾಪಕರು ಕೇಳಿದಾಗ, ಜೀವವೈವಿಧ್ಯದ ಅಧ್ಯಯನವೇ ಪರಮಧ್ಯೇಯವೆಂದು ವಿನಯಪೂರ್ವಕವಾಗಿ ಬರೆದುಕೊಟ್ಟರೂ, ಬರೆಯದೆ ಉಳಿಸಿಕೊಂಡ ಆಕಾಂಕ್ಷೆ ಒಂದೇ: ಹುಲಿ ಕಾಣಬೇಕು, ಅದೂ ಜೀಪಿನೊಳಗಿನಿಂದ, ತಪ್ಪಿದರೆ ಕರಿಚಿರತೆಯಾದರೂ ಆದೀತು, ಫೋಟೋಕ್ಕೆ ನಿಂತುಕೊಡುವುದಾದರೆ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರನ್ನು ಪಡೆದ ಆ ಅರಣ್ಯದ ಹುಲಿಗಳಿಗಾದರೋ ವಿದ್ಯಾರ್ಥಿದರ್ಶನದ ಅಭಿಲಾಷೆ ಲೇಶವೂ ಇದ್ದಂತಿಲ್ಲ.

ನಿಜವಾಗಿ ನೋಡತಕ್ಕದ್ದು ಮಂಗಟ್ಟೆ ಹಕ್ಕಿಯ ಸಂಸಾರ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಬಾಗಿಲು ಮೆತ್ತಿಕೊಂಡು ಕುಳಿತರೆ, ಗಂಡು ಅತ್ತಿಹಣ್ಣುಗಳನ್ನು ಗಂಟಲಿನಲ್ಲಿ ತುಂಬಿ ತಂದು, ಒಂದೊಂದಾಗಿ ಹೊರತೆಗೆದು ಆ ಸೀಳಿನೊಳಗೆ ನೀಡುತ್ತದೆ. ಇಂಥ ಗೃಹಸ್ಥಧರ್ಮವನ್ನು ಕಾಣುವ ಸಂಕಲ್ಪ ಒಬ್ಬನಿಗೂ ಇರಲಿಲ್ಲ. ಮುಂಡಗೋಡಿನವನ ಚೀಲದ ಚಕ್ಕುಲಿಯ ಮೇಲೆ ಮಾತ್ರ ಎಲ್ಲರಿಗೂ ಇತ್ತು. ಅಧ್ಯಾಪಕರ ಧ್ಯೇಯವೋ, ಹೋದ ತಲೆಗಳ ಲೆಕ್ಕ ಬರುವಾಗಲೂ ಸರಿಹೊಂದಬೇಕೆಂಬುದಷ್ಟೇ.

ಕಾಡನ್ನು ಹಿತ್ತಲಾಗಿ ಕಂಡು ಬೆಳೆದ ಜೋಯಿಡಾದ ಹುಡುಗನೊಬ್ಬನೇ ಕಾಗದದಲ್ಲಿ ಏನನ್ನೂ ಬರೆಯಲಿಲ್ಲ. "ಬಾಯಿ ಮುಚ್ಚಿಕೊಂಡು ಕೂತ್ರೆ ಎಲ್ಲಾ ಕಾಣ್ತದೆ, ಸರ್," ಎಂದ. ಉಳಿದೆಲ್ಲ ಉದ್ದೇಶಗಳಿಗಿಂತ ಇದೇ ಕಠಿನ.